ಎಂಡೋಮೆಟ್ರಿಯೋಸಿಸ್ ಗಂಟಿನ ಫೈಬ್ರೋಬ್ಲಾಸ್ಟ್: ಆಪರೇಷನ್ ಥಿಯೇಟರಿನಿಂದ ಕಲ್ಚರ್ ತಟ್ಟೆಯವರೆಗೆ

ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ ಎಂಡೋಮೆಟ್ರಿಯೋಸಿಸ್. ಗುದನಾಳಕ್ಕೂ ಯೋನಿಗೂ ನಡುವಿನಿಂದ ತೆಗೆದ ಎಂಡೋಮೆಟ್ರಿಯೋಸಿಸ್ ಗಂಟನ್ನು ಅಡ್ಡಕ್ಕೆ ಕತ್ತರಿಸಲು ಹೋದರೆ ಬ್ಲೇಡು ಸುಲಭವಾಗಿ ಇಳಿಯುವುದಿಲ್ಲ. ಒಳಗೆಲ್ಲ ಬೆಳ್ಳಗಿನ ಗಟ್ಟಿ ನಾರು. ಅದರ ನಡುವೆ ಅಲ್ಲೊಂದು ಇಲ್ಲೊಂದು ಸಾಸಿವೆ ಕಾಳಿನಷ್ಟು ಕಂದು ಚುಕ್ಕೆ. ಗರ್ಭಕೋಶದ ಒಳಪದರವನ್ನು ಹೋಲುವ ಗ್ರಂಥಿಗಳು ಮತ್ತು ಅವುಗಳನ್ನು ಸುತ್ತಿ ಆಧಾರ ಕೊಡುವ ಅಂಗಾಂಶವಾದ ಸ್ಟ್ರೋಮಾ ಇರುವುದು ಆ ಚುಕ್ಕೆಗಳಲ್ಲಿ. ಗಂಟಿನ ಬಹುಪಾಲು ಕೊಲಾಜೆನ್ ಎಂಬ ನಾರಿನ ಪ್ರೋಟೀನು ಮತ್ತು ನುಣುಪು ಸ್ನಾಯು. ಗಂಟು ಕೈಗೆ ಗಟ್ಟಿಯಾಗಿ ಸಿಗುವುದಕ್ಕೂ, ಕರುಳು ಅಂಡಾಶಯಗಳು ಒಂದಕ್ಕೊಂದು ಅಂಟಿ ಎಳೆದುಕೊಳ್ಳುವುದಕ್ಕೂ ಕಾರಣ ಈ ನಾರು. ಅದನ್ನು ನೇಯುವುದು ಸಂಯೋಜಕ ಅಂಗಾಂಶದ ಕೋಶವಾದ ಫೈಬ್ರೋಬ್ಲಾಸ್ಟ್ ಮತ್ತು ಅದು ರೂಪ ಬದಲಿಸಿದಾಗ ಆಗುವ ಮಯೋಫೈಬ್ರೋಬ್ಲಾಸ್ಟ್.

ಸಂತಾನ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಶೇ 10ರಷ್ಟು ಮಂದಿಗೆ ಈ ಕಾಯಿಲೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸುತ್ತದೆ. ಇಷ್ಟು ದೊಡ್ಡ ಕಾಯಿಲೆಯಲ್ಲಿ ಹಾರ್ಮೋನಿನ ಬಗ್ಗೆ ಆದಷ್ಟು ಮಾತು ನಾರಿನ ಬಗ್ಗೆ ಆಗಿಲ್ಲ ಎನ್ನುವುದು ನಮ್ಮ ಗಟ್ಟಿ ಅಭಿಪ್ರಾಯ. ಈ ಕೋಶಗಳನ್ನು ಗಂಟಿನಿಂದ ಬಿಡಿಸಿ, ಬೆಳೆಸಿ, ಪರೀಕ್ಷಿಸುವ ಕೆಲಸ ಹೇಗೆ ಸಾಗುತ್ತದೆ, ಎಲ್ಲಿ ಕೆಡುತ್ತದೆ ಎಂಬುದನ್ನು ಇಲ್ಲಿ ಬರೆದಿದ್ದೇವೆ. ಕೋಶ ಕಲ್ಚರ್ ಬಲ್ಲ, ಆದರೆ ಈ ಅಂಗಾಂಶವನ್ನು ಇನ್ನೂ ಮುಟ್ಟದ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಮೊದಲು ಕೋಶದ ಸ್ವಭಾವ ತಿಳಿದಿರಬೇಕು. ಗಾಯ ಮಾಯುವಾಗ ಅದರ ಅಂಚುಗಳನ್ನು ಹತ್ತಿರಕ್ಕೆ ಎಳೆಯುವ, ಅರ್ಧ ಫೈಬ್ರೋಬ್ಲಾಸ್ಟ್ ಅರ್ಧ ಸ್ನಾಯುವಿನಂಥ ಕೋಶವನ್ನು ಜೂಲಿಯೋ ಗಬ್ಬಿಯಾನಿ ಮತ್ತು ಸಂಗಡಿಗರು 1971ರಲ್ಲಿ ವರ್ಣಿಸಿದರು. ಮಯೋಫೈಬ್ರೋಬ್ಲಾಸ್ಟ್ ಎಂದರೆ ಅದೇ. ಅದರೊಳಗೆ ಆಲ್ಫಾ ಸ್ಮೂತ್ ಮಸಲ್ ಆಕ್ಟಿನ್ ಎಂಬ ಪ್ರೋಟೀನು ದಪ್ಪ ಎಳೆಗಳಾಗಿ ಉದ್ದಕ್ಕೆ ಕಟ್ಟಿಕೊಂಡಿರುತ್ತದೆ. ಸಾಮಾನ್ಯ ಗಾಯದಲ್ಲಿ ಕೆಲಸ ಮುಗಿದ ಮೇಲೆ ಈ ಕೋಶಗಳು ಸಾಯುತ್ತವೆ. ಎಂಡೋಮೆಟ್ರಿಯೋಸಿಸ್‌ನಲ್ಲಿ ಕೆಲಸ ಮುಗಿಯುವುದೇ ಇಲ್ಲ. ಮುಟ್ಟಿನ ರಕ್ತ ಹಿಂದಕ್ಕೆ ಹರಿದು ಒಳಪದರದ ತುಣುಕುಗಳು ಹೊಟ್ಟೆಯೊಳಗೆ ಬೀಳುತ್ತವೆ ಎಂದು ಜಾನ್ ಸ್ಯಾಂಪ್ಸನ್ 1927ರಲ್ಲಿ ಮುಂದಿಟ್ಟ ವಿವರಣೆ ಇವತ್ತಿಗೂ ಹೆಚ್ಚು ಚಾಲ್ತಿಯಲ್ಲಿದೆ. ಹಾಗೆ ನೆಲೆಯೂರಿದ ಗಂಟು ಹಾರ್ಮೋನಿನ ಏರಿಳಿತಕ್ಕೆ ತಕ್ಕಂತೆ ಮತ್ತೆ ಮತ್ತೆ ಒಸರುತ್ತದೆ. ಒಸರಿದ ಕಡೆ ಪ್ಲೇಟ್‌ಲೆಟ್‌ಗಳು ಸೇರಿ ಟಿಜಿಎಫ್ ಬೀಟಾ 1 ಎಂಬ ಬೆಳವಣಿಗೆಯ ಅಂಶವನ್ನು ಬಿಡುತ್ತವೆ. ಅದು ಕೋಶದೊಳಗೆ ಸಂದೇಶ ಒಯ್ಯುವ ಸ್ಮ್ಯಾಡ್ 2 ಮತ್ತು 3 ಪ್ರೋಟೀನುಗಳ ಮೂಲಕ ಫೈಬ್ರೋಬ್ಲಾಸ್ಟಿಗೆ ಮಯೋಫೈಬ್ರೋಬ್ಲಾಸ್ಟ್ ಆಗುವ ಆಜ್ಞೆ ಕೊಡುತ್ತದೆ. ಒಂದನೇ ಮತ್ತು ಮೂರನೇ ಬಗೆಯ ಕೊಲಾಜೆನ್ ಮತ್ತು ಅಂಟು ಪ್ರೋಟೀನಾದ ಫೈಬ್ರೋನೆಕ್ಟಿನ್ ಕೋಶದ ಸುತ್ತ ಕೂಡಿಕೊಳ್ಳುತ್ತವೆ. ಹಿಂದಿನ ತಿಂಗಳ ಗಾಯ ಮಾಯುವ ಮುನ್ನವೇ ಹೊಸ ಗಾಯ.

ಇಲ್ಲಿ ಇನ್ನೊಂದು ಸುತ್ತು ಇದೆ. ಟಿಜಿಎಫ್ ಬೀಟಾ ಸುತ್ತಲಿನ ನಾರಿನಲ್ಲಿ ನಿಷ್ಕ್ರಿಯವಾಗಿ ಬಂಧಿಯಾಗಿರುತ್ತದೆ. ಕೋಶ ತನ್ನ ಇಂಟೆಗ್ರಿನ್ ಕೊಂಡಿಗಳಿಂದ ನಾರನ್ನು ಜಗ್ಗಿದಾಗ ಆ ಬಂಧ ಬಿಡುತ್ತದೆ. ನಾರು ಮೆತ್ತಗಿದ್ದರೆ ಜಗ್ಗಿದ್ದಕ್ಕೆ ಬಾಗಿ ಬರುತ್ತದೆ, ಹೆಚ್ಚೇನೂ ಬಿಡುಗಡೆಯಾಗುವುದಿಲ್ಲ. ಗಡುಸಾಗಿದ್ದರೆ ಬಾಗದೆ ನಿಲ್ಲುತ್ತದೆ, ಬಂಧ ಹರಿಯುತ್ತದೆ. ಅಂದರೆ ಗಡುಸು ಜಾಗ ಕೋಶವನ್ನು ಇನ್ನಷ್ಟು ಜಗ್ಗುವಂತೆ ಮಾಡುತ್ತದೆ, ಕೋಶ ಜಾಗವನ್ನು ಇನ್ನಷ್ಟು ಗಡುಸು ಮಾಡುತ್ತದೆ.

ಮುಂದಿನ ಪ್ರತಿ ಹೆಜ್ಜೆಯನ್ನೂ ನಿರ್ಧರಿಸುವುದು ಈ ಸಂಗತಿ. ಕೋಶವನ್ನು ಮಯೋಫೈಬ್ರೋಬ್ಲಾಸ್ಟ್ ಮಾಡುವ ಎರಡು ಮುಖ್ಯ ಪ್ರಚೋದನೆಗಳು ಗಡುಸು ನೆಲ ಮತ್ತು ಟಿಜಿಎಫ್ ಬೀಟಾ. ನಮ್ಮ ಕಲ್ಚರ್ ಫ್ಲಾಸ್ಕಿನ ಪ್ಲಾಸ್ಟಿಕ್ ದೇಹದ ಮೃದು ಅಂಗಾಂಶಕ್ಕಿಂತ ಸಾವಿರಾರು ಪಟ್ಟು, ಕೆಲವೊಮ್ಮೆ ಲಕ್ಷಗಟ್ಟಲೆ ಪಟ್ಟು ಗಡುಸು. ಅದರೊಳಗೆ ಹಾಕುವ ಕರುವಿನ ಸೀರಮ್‌ನಲ್ಲಿ ಟಿಜಿಎಫ್ ಬೀಟಾ ಮೊದಲೇ ಇದೆ. ಎಚ್ಚರ ತಪ್ಪಿದರೆ ಆರೋಗ್ಯವಂತ ಕೋಶವೂ ವಾರದೊಳಗೆ ಕಾಯಿಲೆಯ ಕೋಶದಂತೆ ಕಾಣತೊಡಗುತ್ತದೆ. ಆಗ ನಾವು ಅಳೆಯುವುದು ಫ್ಲಾಸ್ಕನ್ನು, ಕಾಯಿಲೆಯನ್ನಲ್ಲ.

ಕೆಲಸ ಶುರುವಾಗುವುದು ಶಸ್ತ್ರಚಿಕಿತ್ಸೆಗೆ ಸಾಕಷ್ಟು ಮೊದಲು. ನೈತಿಕ ಸಮಿತಿಯ ಅನುಮತಿ ಮತ್ತು ರೋಗಿಯ ಒಪ್ಪಿಗೆ ಎರಡೂ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿಯ ಪ್ರಕಾರ ಇರಬೇಕು. ಒಪ್ಪಿಗೆ ಪತ್ರ ರೋಗಿ ಓದುವ ಭಾಷೆಯಲ್ಲಿರಬೇಕು. ಕರ್ನಾಟಕದಲ್ಲಿ ಅದು ಬಹುಪಾಲು ಕನ್ನಡ, ಗಡಿ ಜಿಲ್ಲೆಗಳಲ್ಲಿ ಉರ್ದು, ತೆಲುಗು, ಮರಾಠಿಯೂ ಬೇಕಾಗುತ್ತದೆ. ಸ್ಟ್ರೆಚರ್ ಮೇಲೆ ಮಲಗಿದ ಮೇಲೆ ಸಹಿ ಕೇಳುವುದು ಒಪ್ಪಿಗೆಯಲ್ಲ. ಹಿಂದಿನ ಓಪಿಡಿ ಭೇಟಿಯಲ್ಲೇ ಕೂತು ಮಾತಾಡಬೇಕು. ವರ್ಷಗಟ್ಟಲೆ ನೋವು ತಿಂದು, ಹತ್ತು ಕಡೆ ಅಲೆದು ಬಂದವರು ಅವರು. ಚಿಕಿತ್ಸೆಗೆ ಬೇಕಾದ್ದಕ್ಕಿಂತ ಒಂದು ಚೂರೂ ಹೆಚ್ಚು ಕತ್ತರಿಸುವುದಿಲ್ಲ ಎಂಬ ಮಾತನ್ನು ಬಾಯಲ್ಲೂ ಹೇಳಬೇಕು, ಪತ್ರದಲ್ಲೂ ಬರೆದಿರಬೇಕು.

ದಾಖಲೆಗೆ ಕೊನೆಯ ಮುಟ್ಟಿನ ದಿನಾಂಕ, ಚಕ್ರದ ಉದ್ದ, ಕಳೆದ ಮೂರು ತಿಂಗಳಲ್ಲಿ ತೆಗೆದುಕೊಂಡ ಹಾರ್ಮೋನು, ಶಸ್ತ್ರಚಿಕಿತ್ಸೆಯಲ್ಲಿ ಕಂಡ ಹಂತ, ಗಂಟು ಇದ್ದ ಜಾಗ ಎಲ್ಲವೂ ಬೇಕು. ಪ್ರೊಜೆಸ್ಟರಾನ್ ಹಾರ್ಮೋನಿನಂತೆ ಕೆಲಸ ಮಾಡುವ (ಪ್ರೊಜೆಸ್ಟಿನ್) ಡೈಯೆನೋಜೆಸ್ಟ್ 2 ಮಿಲಿಗ್ರಾಂ ಮಾತ್ರೆ ನಮ್ಮಲ್ಲಿ ಬಹಳ ಮಂದಿ ತೆಗೆದುಕೊಳ್ಳುತ್ತಿರುತ್ತಾರೆ. ಅವರ ಸ್ಟ್ರೋಮಾ ಕೋಶಗಳು ಪ್ರೊಜೆಸ್ಟಿನ್ ಪ್ರಭಾವದಲ್ಲಿರುತ್ತವೆ, ಮಾತ್ರೆ ತೆಗೆದುಕೊಳ್ಳದವರ ಕೋಶದ ಜೊತೆ ಅವನ್ನು ಬೆರೆಸಿ ಲೆಕ್ಕ ಹಾಕಿದರೆ ಫಲಿತಾಂಶ ಎತ್ತೆತ್ತಲೋ ಹೋಗುತ್ತದೆ. ಏನೇನು ದಾಖಲಿಸಬೇಕೆಂದು ವರ್ಲ್ಡ್ ಎಂಡೋಮೆಟ್ರಿಯೋಸಿಸ್ ರಿಸರ್ಚ್ ಫೌಂಡೇಶನ್ 2014ರಲ್ಲಿ ಪ್ರಕಟಿಸಿದ ನಮೂನೆಗಳಿವೆ. ಹೊಸದಾಗಿ ನಮೂನೆ ಬರೆಯುತ್ತ ಕೂರುವ ಬದಲು ಅದನ್ನೇ ಬಳಸಿ. ಆಗ ಬೇರೆ ದೇಶದವರ ದತ್ತಾಂಶದ ಪಕ್ಕದಲ್ಲಿ ನಮ್ಮದನ್ನೂ ಇಟ್ಟು ನೋಡಬಹುದು.

ಯಾವ ಅಂಗಾಂಶ ಎಂಬುದರ ಮೇಲೆ ಕಷ್ಟವೂ ಬೇರೆ ಬೇರೆ. ಹೊಟ್ಟೆಯ ಒಳಗೋಡೆಯ ತೆಳು ಪೊರೆಯಾದ ಪೆರಿಟೋನಿಯಂ ಮೇಲಿನ ಗಂಟು ತೀರ ಚಿಕ್ಕದು, ಕೆಲವೊಮ್ಮೆ 20–30 ಮಿಲಿಗ್ರಾಂ ಸಿಕ್ಕರೆ ಹೆಚ್ಚು. ಜೊತೆಗೆ ಪೆರಿಟೋನಿಯಂನ ಮೇಲ್ಮೈ ಹೊದಿಸಿರುವ ಮೀಸೋಥೀಲಿಯಲ್ ಕೋಶಗಳು ಬೆರೆಯುತ್ತವೆ. ಹಳೆಯ ರಕ್ತ ತುಂಬಿದ ಅಂಡಾಶಯದ ಚೀಲವಾದ ಚಾಕೊಲೇಟ್ ಸಿಸ್ಟ್‌ನಿಂದ ಅಂಗಾಂಶ ಧಾರಾಳವಾಗಿ ಸಿಗುತ್ತದೆ. ಆದರೆ ಸಿಸ್ಟಿನ ಹೊರಗೋಡೆ ಅಂಡಾಶಯದ್ದೇ ನಾರು. ಒಳಮೈಯ ಕಂದು ಪದರವನ್ನು ಚಿಮುಟದಿಂದ ಸುಲಿದು ಅದನ್ನಷ್ಟೇ ಬಳಸದಿದ್ದರೆ ಬೆಳೆಯುವುದು ಅಂಡಾಶಯದ ಸಾಮಾನ್ಯ ಫೈಬ್ರೋಬ್ಲಾಸ್ಟ್. ಗುದನಾಳ ಯೋನಿಗಳ ನಡುವಿನಂಥ ಆಳದ ಗಂಟಿನಲ್ಲಿ ನುಣುಪು ಸ್ನಾಯು ಹೆಚ್ಚು, ಕೋಶಗಳನ್ನು ಬಿಡಿಸುವುದೂ ಕಷ್ಟ. ಆದರೂ ನಾರಿನ ಪ್ರಶ್ನೆಗೆ ಉತ್ತರ ಬೇಕಿದ್ದರೆ ಆಳದ ಗಂಟೇ ಸರಿ. ಸುಲಭಕ್ಕೆ ಸಿಗುತ್ತದೆಂದು ಎಲ್ಲರೂ ಸಿಸ್ಟಿನ ಮೇಲೇ ಕೆಲಸ ಮಾಡಿ, ಅದನ್ನು ಇಡೀ ಕಾಯಿಲೆಯ ಮಾತೆಂಬಂತೆ ಬರೆಯುವುದು ಸರಿಯಲ್ಲ.

ಹೋಲಿಕೆಗೆ ಅದೇ ಹೆಂಗಸಿನ ಗರ್ಭಕೋಶದ ಒಳಪದರ ಬೇಕು, ಪೈಪೆಲ್ ಎಂಬ ತೆಳು ಕೊಳವೆಯಿಂದ ಎಳೆದದ್ದು ಸಾಕು. ಸಾಧ್ಯವಾದರೆ ಗಂಟಿಲ್ಲದ ಪೆರಿಟೋನಿಯಂನ ಒಂದು ಚೂರೂ ಬೇಕು, ಏಕೆಂದರೆ ಗಂಟಿನ ಮಯೋಫೈಬ್ರೋಬ್ಲಾಸ್ಟ್ ಬಂದದ್ದು ಒಳಪದರದ ಸ್ಟ್ರೋಮಾದಿಂದಲೇ ಎಂದು ಮೊದಲೇ ತೀರ್ಮಾನಿಸಿಬಿಡುವಂತಿಲ್ಲ. ಆ ಜಾಗದ ಸ್ಥಳೀಯ ಫೈಬ್ರೋಬ್ಲಾಸ್ಟ್ ಮತ್ತು ಮೀಸೋಥೀಲಿಯಲ್ ಕೋಶಗಳಿಗೂ ಹಾಗೆ ರೂಪ ಬದಲಿಸುವ ಶಕ್ತಿ ಇದೆ.

ಗಂಟು ಹೊರಬಂದ ಕೂಡಲೇ ಪೆಥಾಲಜಿಸ್ಟ್ ಪಾಲು ಮೊದಲು. ಉಳಿದದ್ದರಲ್ಲಿ ಒಂದು ಭಾಗ ಶೇ 10ರ ಬಫರ್ ಫಾರ್ಮಲಿನ್‌ಗೆ, ಇನ್ನೊಂದು ಭಾಗ ಕಲ್ಚರ್‌ಗೆ. ಕಲ್ಚರ್ ಭಾಗ ಕೋಶ ಬೆಳೆಸುವ ಪೋಷಕ ದ್ರವವಾದ ಡಿಎಂಇಎಂ/ಎಫ್12 ಮೀಡಿಯಾದಲ್ಲಿ, ಆಂಟಿಬಯಾಟಿಕ್ ಮತ್ತು ಆಂಟಿಮೈಕೋಟಿಕ್ ಶೇ 1 ಸೇರಿಸಿ, ಮಂಜುಗಡ್ಡೆಯ ಮೇಲೆ ಬರಬೇಕು. ಒಣ ಗಾಜ್ ಬಟ್ಟೆಯಲ್ಲಿ ಸುತ್ತಿ ಕಳಿಸಿದರೆ, ಅಥವಾ ಎಲೆಕ್ಟ್ರೋಕಾಟರಿಯಿಂದ ಅಂಚೆಲ್ಲ ಸುಟ್ಟಿದ್ದರೆ ಕೋಶ ಏಳುವುದಿಲ್ಲ. ಸರ್ಜನ್ ಜೊತೆ ಮುಂಚೆಯೇ ಮಾತಾಡಿ, ಒಂದು ಚೂರನ್ನಾದರೂ ಕತ್ತರಿಯಿಂದ ತೆಗೆಸಿಕೊಳ್ಳಬೇಕು. ಎರಡು ಗಂಟೆಯೊಳಗೆ ಲ್ಯಾಬು ಮುಟ್ಟಿದರೆ ಒಳ್ಳೆಯದು.

ಲ್ಯಾಬಿನಲ್ಲಿ ಬಯೋಸೇಫ್ಟಿ ಕ್ಯಾಬಿನೆಟ್ಟಿನೊಳಗೆ ತಣ್ಣನೆಯ ಉಪ್ಪಿನ ಬಫರ್ ದ್ರಾವಣವಾದ ಪಿಬಿಎಸ್‌ನಲ್ಲಿ ರಕ್ತ ಹೋಗುವ ತನಕ ತೊಳೆಯುತ್ತೇವೆ. ಕೊಬ್ಬನ್ನೂ ಸುಟ್ಟ ಅಂಚನ್ನೂ ಕತ್ತರಿಸಿ ಬಿಸಾಡಿ, ಎರಡು ಸ್ಕಾಲ್‌ಪೆಲ್‌ಗಳಿಂದ 1 ಮಿಲಿಮೀಟರ್ ಚೂರು ಮಾಡುತ್ತೇವೆ. ಚೂರು ದೊಡ್ಡದಾದರೆ ಎಂಜೈಮು ಒಳಗಿಳಿಯುವುದಿಲ್ಲ, ಹೊರಗಿನ ಕೋಶ ಹೆಚ್ಚು ಹೊತ್ತು ಎಂಜೈಮಿನಲ್ಲಿ ನೆನೆದು ಸಾಯುತ್ತದೆ.

1 ಗ್ರಾಂ ಅಂಗಾಂಶಕ್ಕೆ 10 ಮಿಲಿಲೀಟರ್ ದ್ರಾವಣ. ಅದರಲ್ಲಿ ಕೊಲಾಜೆನ್ ಕತ್ತರಿಸುವ ಎಂಜೈಮಾದ ಕೊಲಾಜಿನೇಸ್ ಪ್ರತಿ ಮಿಲಿಲೀಟರಿಗೆ 1ರಿಂದ 2 ಮಿಲಿಗ್ರಾಂ, ಡಿಎನ್‌ಎ ಕತ್ತರಿಸುವ ಡಿಎನ್ಏಸ್ 1 ಪ್ರತಿ ಮಿಲಿಲೀಟರಿಗೆ 0.1 ಮಿಲಿಗ್ರಾಂ. ದ್ರಾವಣ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಇರುವ ಹ್ಯಾಂಕ್ಸ್ ದ್ರಾವಣವೇ ಆಗಿರಬೇಕು. ಕೊಲಾಜಿನೇಸ್‌ಗೆ ಕ್ಯಾಲ್ಸಿಯಂ ಬೇಕು. ಅಭ್ಯಾಸಬಲದಿಂದ, ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುವ ಇಡಿಟಿಎ ಇರುವ ಬಫರ್ ಹಾಕಿದರೆ ಎಂಜೈಮು ಸತ್ತ ಹಾಗೆ. ಡಿಎನ್ಏಸ್ ಮರೆತರೆ ಸತ್ತ ಕೋಶಗಳ ಡಿಎನ್‌ಎ ಲೋಳೆಯಾಗಿ ಎಲ್ಲವನ್ನೂ ಒಂದು ಉಂಡೆಯಾಗಿ ಹಿಡಿದುಕೊಳ್ಳುತ್ತದೆ, ಪಿಪೆಟ್ಟಿನೊಳಗೆ ಏರುವುದೇ ಇಲ್ಲ.

37 ಡಿಗ್ರಿಯಲ್ಲಿ ಅಲುಗಾಡಿಸುತ್ತ ಇಟ್ಟು, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಪಿಪೆಟ್ಟಿನಿಂದ ಮೇಲೆ ಕೆಳಗೆ ಆಡಿಸಬೇಕು. ಗರ್ಭಕೋಶದ ಒಳಪದರಕ್ಕೆ ಮುಕ್ಕಾಲು ಗಂಟೆ ಸಾಕಾಗುತ್ತದೆ, ಆಳದ ಗಂಟಿಗೆ ಒಂದೂವರೆಯಿಂದ ಎರಡು ಗಂಟೆ. ಗಡಿಯಾರಕ್ಕಿಂತ ಸೂಕ್ಷ್ಮದರ್ಶಕವನ್ನು ನಂಬಿ. ಪ್ರತಿ ಸಲ ಒಂದು ಹನಿ ಸ್ಲೈಡಿನ ಮೇಲೆ ಹಾಕಿ ನೋಡಿದರೆ, ಸರಿಯಾದ ಹೊತ್ತಿನಲ್ಲಿ ಒಂಟೊಂಟಿ ದುಂಡು ಕೋಶಗಳು ತೇಲುತ್ತಿರುತ್ತವೆ. ಅವುಗಳ ನಡುವೆ ಗ್ರಂಥಿಗಳು ಮುರಿಯದೆ, ಒಂದು ತುದಿ ಮುಚ್ಚಿದ ಕೊಳವೆಗಳಂತೆ ಇಡಿಯಾಗಿ ಕಾಣುತ್ತವೆ. ಆಗಲೇ ಸೀರಮ್ ಇರುವ ಮೀಡಿಯಾ ಸುರಿದು ನಿಲ್ಲಿಸಬೇಕು. ಇನ್ನೂ ಕಾದರೆ ಗ್ರಂಥಿಗಳೂ ಒಡೆದು ಬಿಡಿ ಕೋಶಗಳಾಗುತ್ತವೆ, ಮುಂದಿನ ಜರಡಿಯಲ್ಲಿ ಅವನ್ನು ಬೇರ್ಪಡಿಸುವ ದಾರಿಯೇ ಇರುವುದಿಲ್ಲ. ಕೊಲಾಜಿನೇಸ್ ಒಂದು ಬ್ಯಾಚಿನಿಂದ ಇನ್ನೊಂದಕ್ಕೆ ಬಲದಲ್ಲಿ ಬದಲಾಗುತ್ತದೆ. ಹೊಸ ಬಾಟಲಿ ಬಂದಾಗ ಹಳೆಯ ಸಮಯವನ್ನೇ ಕಣ್ಣುಮುಚ್ಚಿ ಬಳಸಬಾರದು.

ಜರಡಿ ಎರಡು. 100 ಮೈಕ್ರಾನಿನದ್ದು ಕರಗದ ಚೂರನ್ನು ಹಿಡಿಯುತ್ತದೆ, 40 ಮೈಕ್ರಾನಿನದ್ದು ಗ್ರಂಥಿಗಳನ್ನು ಹಿಡಿಯುತ್ತದೆ. ಕೆಳಗಿಳಿದದ್ದು ಸ್ಟ್ರೋಮಾ ಕೋಶ, ರಕ್ತಕೋಶ, ಬಿಳಿ ರಕ್ತಕೋಶ. ಗುರುತ್ವದ 300 ಪಟ್ಟು (300 ಜಿ) ಬಲದಲ್ಲಿ 5 ನಿಮಿಷ ತಿರುಗಿಸಿ, ತಳ ಕೆಂಪಾಗಿದ್ದರೆ ಅಮೋನಿಯಂ ಕ್ಲೋರೈಡ್ ದ್ರಾವಣದಲ್ಲಿ 3–5 ನಿಮಿಷ ಇಟ್ಟು ಕೆಂಪು ರಕ್ತಕೋಶ ಒಡೆಯುತ್ತೇವೆ. ಸತ್ತ ಕೋಶವನ್ನು ನೀಲಿಯಾಗಿಸುವ ಟ್ರಿಪಾನ್ ಬ್ಲೂ ಹಾಕಿ ಎಣಿಸಿ, 25 ಚದರ ಸೆಂಟಿಮೀಟರಿನ ಫ್ಲಾಸ್ಕಿಗೆ ಸುಮಾರು 5 ಲಕ್ಷ ಕೋಶ ಬಿತ್ತುತ್ತೇವೆ. ಸ್ಟ್ರೋಮಾ ಕೋಶಗಳು ಬೇಗ ಅಂಟುತ್ತವೆ, ಗ್ರಂಥಿಯ ಎಪಿಥೀಲಿಯಲ್ ಕೋಶಗಳು ನಿಧಾನ. ಒಂದೆರಡು ಗಂಟೆಯ ನಂತರ ಮೀಡಿಯಾ ಚೆಲ್ಲಿ ಪಿಬಿಎಸ್‌ನಿಂದ ಮೆಲ್ಲಗೆ ತೊಳೆದರೆ ಬೇಡದ್ದು ಬಹಳಷ್ಟು ಹೋಗುತ್ತದೆ. ರಾತ್ರಿಯಿಡೀ ಬಿಟ್ಟರೆ ಈ ಲಾಭವಿಲ್ಲ.

ಮೀಡಿಯಾದಲ್ಲಿ ಆಮ್ಲೀಯತೆ ತೋರಿಸುವ ಬಣ್ಣವಾದ ಫೀನಾಲ್ ರೆಡ್ ಇರಬಾರದು. ಆ ಬಣ್ಣಕ್ಕೆ ದುರ್ಬಲವಾದರೂ ಈಸ್ಟ್ರೋಜೆನ್ ಗುಣವಿದೆ ಎಂಬುದು 1986ರಿಂದ ಗೊತ್ತಿರುವ ವಿಷಯ. ಸೀರಮ್ ಕೂಡ ಇದ್ದಿಲಿನಿಂದ ಶುದ್ಧೀಕರಿಸಿ ಸ್ಟೀರಾಯ್ಡ್ ತೆಗೆದದ್ದೇ ಆಗಬೇಕು. ಗಂಟಿನ ಸ್ಟ್ರೋಮಾ ಕೋಶ ಅರೊಮಟೇಸ್ ಎಂಜೈಮಿನಿಂದ ಸ್ವತಃ ಈಸ್ಟ್ರೋಜೆನ್ ತಯಾರಿಸಬಲ್ಲದು, ಅದರಲ್ಲಿ ಈಸ್ಟ್ರೋಜೆನ್ ಗ್ರಾಹಿ ಬೀಟಾ ಹೆಚ್ಚು, ಪ್ರೊಜೆಸ್ಟರಾನ್ ಗ್ರಾಹಿ ಕಡಿಮೆ. ಹೊರಗಿನಿಂದ ಹಾರ್ಮೋನು ಕದ್ದು ಬಂದರೆ ಈ ವ್ಯತ್ಯಾಸಗಳೆಲ್ಲ ಮಸುಕಾಗುತ್ತವೆ.

ಫ್ಲಾಸ್ಕು ಶೇ 70–80 ತುಂಬಿದಾಗ ಕೋಶಗಳ ಗುರುತು ಹಿಡಿಯಬೇಕು. ಸಂಯೋಜಕ ಕೋಶದ ಗುರುತಾದ ವೈಮೆಂಟಿನ್ ಇರಬೇಕು, ಎಪಿಥೀಲಿಯಲ್ ಕೋಶದ ಗುರುತಾದ ಸೈಟೋಕೆರಟಿನ್ ಇರಬಾರದು, ಬಿಳಿ ರಕ್ತಕೋಶದ ಸಿಡಿ45 ಮತ್ತು ರಕ್ತನಾಳದ ಒಳಪದರದ ಸಿಡಿ31 ಇರಬಾರದು. ಎಂಡೋಮೆಟ್ರಿಯಂ ಮೂಲದ ಸ್ಟ್ರೋಮಾಗೆ ಸಿಡಿ10 ಗುರುತು. ಆಳದ ಗಂಟಿನಿಂದ ಬಂದದ್ದಾದರೆ ಸ್ನಾಯುಕೋಶದ ಗುರುತುಗಳಾದ ಡೆಸ್ಮಿನ್ ಮತ್ತು ಎಚ್-ಕ್ಯಾಲ್ಡೆಸ್ಮಾನ್ ಕೂಡ ನೋಡಲೇಬೇಕು. ಆಲ್ಫಾ ಆಕ್ಟಿನ್ ನುಣುಪು ಸ್ನಾಯುವಿನಲ್ಲೂ ಇದೆ, ಅದೊಂದನ್ನೇ ನೋಡಿ ಮಯೋಫೈಬ್ರೋಬ್ಲಾಸ್ಟ್ ಎಂದರೆ ಕರುಳ ಗೋಡೆಯ ಸ್ನಾಯುಕೋಶವನ್ನೂ ಲೆಕ್ಕಕ್ಕೆ ಸೇರಿಸಿದಂತಾಗುತ್ತದೆ. ಮೀಸೋಥೀಲಿಯಲ್ ಕೋಶಕ್ಕೆ ಕ್ಯಾಲ್‌ರೆಟಿನಿನ್. ಕಲ್ಚರ್ ಕೆಡಿಸುವ ಬ್ಯಾಕ್ಟೀರಿಯಾ ಆದ ಮೈಕೋಪ್ಲಾಸ್ಮಾದ ಪರೀಕ್ಷೆ ಪ್ರತಿ ಹೊಸ ಕೋಶ ಸಾಲಿಗೂ, ತಪ್ಪದೆ. ಇದರ ಜೊತೆಗೆ ಫಾರ್ಮಲಿನ್‌ನಲ್ಲಿಟ್ಟ ಪಾಲಿನ ವರದಿ ಬರಬೇಕು. ಅದರಲ್ಲಿ ಗ್ರಂಥಿ ಅಥವಾ ಸ್ಟ್ರೋಮಾ ಕಾಣದಿದ್ದರೆ, ಕೋಶ ಎಷ್ಟೇ ಚೆನ್ನಾಗಿ ಬೆಳೆದಿದ್ದರೂ ಆ ಸಾಲನ್ನು ಎಂಡೋಮೆಟ್ರಿಯೋಸಿಸ್ ಎಂದು ಬಳಸುವುದಿಲ್ಲ.

ಪ್ಲಾಸ್ಟಿಕ್ಕಿನ ಸಮಸ್ಯೆಗೆ ಬರೋಣ. 3ನೇ ಪ್ಯಾಸೇಜ್ (ಫ್ಲಾಸ್ಕು ತುಂಬಿದಾಗ ಕೋಶಗಳನ್ನು ಹೊಸ ಫ್ಲಾಸ್ಕಿಗೆ ಹಂಚುವ ಸುತ್ತು) ದಾಟಿದ ಕೋಶಗಳನ್ನು ನಾವು ಮುಖ್ಯ ಪ್ರಯೋಗಕ್ಕೆ ಬಳಸುವುದಿಲ್ಲ. ಸಿಕ್ಕ ಕೋಶಗಳಲ್ಲಿ ಹೆಚ್ಚಿನವನ್ನು 1ನೇ ಪ್ಯಾಸೇಜಿನಲ್ಲೇ, ಶೇ 90 ಸೀರಮ್ ಮತ್ತು ಹೆಪ್ಪುಗಟ್ಟುವಾಗ ಕೋಶವನ್ನು ಕಾಪಾಡುವ ಶೇ 10 ಡಿಎಂಎಸ್‌ಒ ಬೆರೆಸಿ, ನಿಮಿಷಕ್ಕೆ 1 ಡಿಗ್ರಿಯಂತೆ ತಣಿಸಿ ದ್ರವ ಸಾರಜನಕಕ್ಕೆ ಇಳಿಸುತ್ತೇವೆ. ಬಿತ್ತುವ ಸಾಂದ್ರತೆ ಎಲ್ಲ ಗುಂಪುಗಳಿಗೂ ಒಂದೇ ಇರಬೇಕು. ವಿರಳವಾಗಿ ಬಿತ್ತಿದ ಫೈಬ್ರೋಬ್ಲಾಸ್ಟ್‌ಗಳು ಟಿಜಿಎಫ್ ಬೀಟಾ ಹಾಕದೆಯೂ ಮಯೋಫೈಬ್ರೋಬ್ಲಾಸ್ಟ್ ಆಗುತ್ತವೆ ಎಂದು ಕಾರ್ನಿಯಾದ ಕೋಶಗಳಲ್ಲಿ 1996ರಲ್ಲೇ ತೋರಿಸಲಾಗಿದೆ. ಗಂಟಿನ ಕೋಶ ಕಡಿಮೆ ಸಿಕ್ಕಿತೆಂದು ವಿರಳವಾಗಿ ಬಿತ್ತಿ, ಒಳಪದರದ ಕೋಶವನ್ನು ದಟ್ಟವಾಗಿ ಬಿತ್ತಿದರೆ ವ್ಯತ್ಯಾಸ ಕಾಣದೆ ಇನ್ನೇನು?

ಮೆತ್ತನೆಯ ನೆಲ ಬೇಕೆಂದರೆ ಪಾಲಿಅಕ್ರಿಲಮೈಡ್ ಜೆಲ್ ಮಾಡಿಕೊಳ್ಳಬೇಕು. ಅಕ್ರಿಲಮೈಡ್ ಶೇ 4, ಎಳೆಗಳನ್ನು ಬೆಸೆಯುವ ಬಿಸ್ಅಕ್ರಿಲಮೈಡ್ (ಬಿಸ್) ಶೇ 0.1 ಹಾಕಿದರೆ ಗಡುಸುತನ ಸುಮಾರು 2 ಕಿಲೋಪಾಸ್ಕಲ್. ಶೇ 8 ಮತ್ತು ಶೇ 0.48 ಹಾಕಿದರೆ ಸುಮಾರು 40. ಮೊದಲನೆಯದು ಮೃದು ಅಂಗಾಂಶಕ್ಕೆ ಹತ್ತಿರ, ಎರಡನೆಯದು ನಾರುಗಟ್ಟಿದ ಗಂಟಿನ ಸ್ಥಿತಿಗೆ. ಜೆಲ್ ಮೇಲೆ ಕೋಶ ತಾನಾಗಿ ಕೂರುವುದಿಲ್ಲ, ಬೆಳಕು ಬಿದ್ದಾಗ ಬೆಸೆಯುವ ರಾಸಾಯನಿಕವಾದ ಸಲ್ಫೋ-ಸ್ಯಾನ್‌ಪಾ ಹಾಕಿ ಯುವಿ ಬೆಳಕು ಕೊಟ್ಟು ಕೊಲಾಜೆನ್ ಅಂಟಿಸಬೇಕು. ಅಕ್ರಿಲಮೈಡ್ ನರಕ್ಕೆ ವಿಷ. ಗ್ಲೌಸ್ ಇಲ್ಲದೆ ಮುಟ್ಟಬಾರದು, ಹೆಪ್ಪುಗಟ್ಟದೆ ಉಳಿದದ್ದು ಹೋಗುವಂತೆ ಜೆಲ್ ಅನ್ನು ಬಫರ್‌ನಲ್ಲಿ ಹಲವು ಸಲ ತೊಳೆಯಬೇಕು. ಒಂದೇ ಹೆಂಗಸಿನ ಕೋಶವನ್ನು ಎರಡೂ ಜೆಲ್‌ಗಳ ಮೇಲೆ ಬಿತ್ತಿ ನೋಡಿದವರಿಗೆ ಮತ್ತೆ ಬರೀ ಪ್ಲಾಸ್ಟಿಕ್ಕಿನ ಫಲಿತಾಂಶ ನಂಬುವುದು ಕಷ್ಟ. ಗಡುಸು ಜೆಲ್ ಮೇಲೆ ಅಗಲವಾಗಿ ಚಾಚಿಕೊಂಡ ಕೋಶ, ಮೆತ್ತನೆಯದರ ಮೇಲೆ ಸಣ್ಣಗೆ, ಎಳೆಗಳಿಲ್ಲದೆ ಮುದುರಿ ಕೂತಿರುತ್ತದೆ.

ಟಿಜಿಎಫ್ ಬೀಟಾ ಪ್ರಯೋಗಕ್ಕೆ ಕೋಶಗಳನ್ನು ಮೊದಲು ಶೇ 0.5 ಸೀರಮ್‌ನಲ್ಲಿ ಒಂದು ದಿನ ಇಟ್ಟು, ನಂತರ ಪ್ರತಿ ಮಿಲಿಲೀಟರಿಗೆ 5 ನ್ಯಾನೋಗ್ರಾಂ ಟಿಜಿಎಫ್ ಬೀಟಾ 1 ಕೊಟ್ಟು 48ರಿಂದ 72 ಗಂಟೆ ಬಿಡುತ್ತೇವೆ. ಈ ಪ್ರೋಟೀನು ಟ್ಯೂಬಿನ ಗೋಡೆಗೇ ಅಂಟಿ ಕಳೆದುಹೋಗುತ್ತದೆ. ಅದಕ್ಕೇ 4 ಮಿಲಿಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, ಪ್ರತಿ ಮಿಲಿಲೀಟರಿಗೆ 1 ಮಿಲಿಗ್ರಾಂ ಹಸುವಿನ ಅಲ್ಬುಮಿನ್ ಪ್ರೋಟೀನಾದ ಬಿಎಸ್‌ಎ ಬೆರೆಸಿ, ಪ್ರತಿ ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಸ್ಟಾಕ್ ದ್ರಾವಣ ಮಾಡಬೇಕು. 1 ಮಿಲಿಲೀಟರ್ ಮೀಡಿಯಾಕ್ಕೆ ಅರ್ಧ ಮೈಕ್ರೋಲೀಟರ್ ಸ್ಟಾಕ್. ಅಷ್ಟು ಸಣ್ಣ ಅಳತೆಯನ್ನು ನೇರ ಕಲ್ಚರ್ ತಟ್ಟೆಯ ಗುಳಿಗೆ (ಬಾವಿಗೆ) ಹಾಕಿದರೆ ತಪ್ಪುವುದು ಖಂಡಿತ, ಇಡೀ ಗುಂಪಿಗೆ ಬೇಕಾದ ಮೀಡಿಯಾವನ್ನು ಒಟ್ಟಿಗೆ ಬೆರೆಸಿಕೊಳ್ಳಿ. ಹೋಲಿಕೆಯ ಬಾವಿಗಳಿಗೆ ಅದೇ ಆಮ್ಲ ಮತ್ತು ಬಿಎಸ್‌ಎ ಅಷ್ಟೇ ಪ್ರಮಾಣದಲ್ಲಿ. ಇನ್ನೊಂದು ಗುಂಪಿಗೆ ಎಸ್‌ಬಿ431542 ಎಂಬ, ಟಿಜಿಎಫ್ ಬೀಟಾ ಗ್ರಾಹಿಯನ್ನು ತಡೆಯುವ ರಾಸಾಯನಿಕ 10 ಮೈಕ್ರೋಮೋಲಾರ್. ತಡೆ ಹಾಕಿದಾಗ ಬರೀ ಸೀರಮ್ ಕೊಟ್ಟ ಗುಂಪಿನಲ್ಲೂ ಆಕ್ಟಿನ್ ಇಳಿದರೆ, ನಮ್ಮ ‘ಸಾಮಾನ್ಯ’ ಕೋಶಗಳು ಈಗಾಗಲೇ ಟಿಜಿಎಫ್ ಬೀಟಾದ ಹಿಡಿತದಲ್ಲಿವೆ ಎಂದು ಅರ್ಥ.

ಬಣ್ಣ ಹಾಕುವ ಕ್ರಮ ಸಾಮಾನ್ಯದ್ದೇ: ಶೇ 4 ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ 15 ನಿಮಿಷ, ಶೇ 0.1 ಟ್ರೈಟಾನ್, ಒಂದು ಗಂಟೆ ಬ್ಲಾಕಿಂಗ್, ಆಮೇಲೆ ಆಲ್ಫಾ ಆಕ್ಟಿನ್ ಹಿಡಿಯುವ 1ಎ4 ಕ್ಲೋನಿನ ಆಂಟಿಬಾಡಿ. ಎಡವುವುದು ಎಣಿಕೆಯಲ್ಲಿ. ಕೋಶದೊಳಗೆ ಮಂಜಿನಂತೆ ಹರಡಿದ ಆಂಟಿಬಾಡಿಯ ಹಸಿರು ಹೊಳಪನ್ನು ಮಯೋಫೈಬ್ರೋಬ್ಲಾಸ್ಟ್ ಎಂದು ಎಣಿಸಬಾರದು. ಉದ್ದಕ್ಕೆ, ಒಂದಕ್ಕೊಂದು ಸಮಾನಾಂತರವಾಗಿ ಸ್ಪಷ್ಟ ಎಳೆಗಳು ಕಂಡರೆ ಮಾತ್ರ ಎಣಿಕೆಗೆ. ಪ್ರತಿ ಸ್ಥಿತಿಗೂ ಕನಿಷ್ಠ 200 ಕೋಶ, ಎಣಿಸುವವರಿಗೆ ಯಾವ ಸ್ಲೈಡ್ ಯಾವುದೆಂದು ತಿಳಿದಿರಬಾರದು. ಅಂಗಾಂಶದ ಸೀಳುಗಳಲ್ಲಿ ಇನ್ನೊಂದು ತೊಡಕು: ಹಳೆಯ ರಕ್ತದ ಉಳಿಕೆಗಳು ಮತ್ತು ಲಿಪೋಫಸಿನ್ ಎಂಬ ಕಂದು ವರ್ಣಕ ತಾವಾಗಿಯೇ ಹೊಳೆಯುತ್ತವೆ. ಆಂಟಿಬಾಡಿ ಹಾಕದ ಸ್ಲೈಡನ್ನೂ ಪಕ್ಕದಲ್ಲಿಟ್ಟು ನೋಡದೆ ಹೊಳೆದದ್ದನ್ನೆಲ್ಲ ನಂಬಬೇಡಿ. ಶೇ 70 ಆಲ್ಕೊಹಾಲಿನಲ್ಲಿ ಶೇ 0.1 ಸುಡಾನ್ ಬ್ಲ್ಯಾಕ್ ಬಿ ಇದನ್ನು ಸಾಕಷ್ಟು ತಗ್ಗಿಸುತ್ತದೆ.

ಎಳೆ ಕಂಡರೆ ಸಾಲದು, ಕೋಶ ನಿಜಕ್ಕೂ ಜಗ್ಗುತ್ತದೆಯೇ ನೋಡಬೇಕು. ಅದಕ್ಕೆ ಕೊಲಾಜೆನ್ ಜೆಲ್ ಕುಗ್ಗುವ ಪರೀಕ್ಷೆ. ಇಲಿ ಬಾಲದ ಕೊಲಾಜೆನ್, ಪ್ರತಿ ಮಿಲಿಲೀಟರಿಗೆ 3 ಮಿಲಿಗ್ರಾಂ ಸ್ಟಾಕ್. ಒಟ್ಟು 4 ಮಿಲಿಲೀಟರ್ ಮಿಶ್ರಣಕ್ಕೆ ಕೊಲಾಜೆನ್ 2 ಮಿಲಿಲೀಟರ್, ಹತ್ತು ಪಟ್ಟು ಸಾಂದ್ರ ಪಿಬಿಎಸ್ 0.23 ಮಿಲಿಲೀಟರ್, 1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ಸುಮಾರು 46 ಮೈಕ್ರೋಲೀಟರ್, ಕೊನೆಗೆ 8 ಲಕ್ಷ ಕೋಶಗಳಿರುವ ಮೀಡಿಯಾ 1.72 ಮಿಲಿಲೀಟರ್. ಪಿಬಿಎಸ್ ಅನ್ನು ಒಟ್ಟು ಗಾತ್ರದ ಹತ್ತನೇ ಒಂದು ಭಾಗ ಹಾಕುವ ರೂಢಿ ಉಂಟು. ಕೋಶಗಳು ಉಪ್ಪಿರುವ ಮೀಡಿಯಾದಲ್ಲೇ ಇರುವುದರಿಂದ ಹಾಗೆ ಮಾಡಿದರೆ ಉಪ್ಪು ಹೆಚ್ಚಾಗುತ್ತದೆ, ಕೊಲಾಜೆನ್ ಭಾಗಕ್ಕೆ ಬೇಕಾದಷ್ಟೇ ಸಾಕು. ಎಲ್ಲವೂ ಮಂಜುಗಡ್ಡೆಯ ಮೇಲೆ ನಡೆಯಬೇಕು, ಕೋಶ ಹಾಕುವ ಮುನ್ನ ಪಿಎಚ್ ಪಟ್ಟಿಯಲ್ಲಿ 7.2ರಿಂದ 7.4 ಇದೆಯೇ ನೋಡಬೇಕು. ಆಮ್ಲ ಉಳಿದರೆ ಜೆಲ್ ಹೆಪ್ಪುಗಟ್ಟುವುದಿಲ್ಲ, ಕೋಶವೂ ಸಾಯುತ್ತದೆ. ಕೈ ನಿಧಾನವಾದರೆ ಟ್ಯೂಬಿನಲ್ಲೇ ಹೆಪ್ಪುಗಟ್ಟುತ್ತದೆ.

24 ಬಾವಿಯ ತಟ್ಟೆಯನ್ನು ಹಿಂದಿನ ದಿನವೇ ಶೇ 1 ಬಿಎಸ್‌ಎ ಹಾಕಿ ಇಟ್ಟಿರಬೇಕು, ಇಲ್ಲದಿದ್ದರೆ ಜೆಲ್ ಗೋಡೆಗೆ ಅಂಟಿಕೊಳ್ಳುತ್ತದೆ. ಪ್ರತಿ ಬಾವಿಗೆ 0.5 ಮಿಲಿಲೀಟರ್, ಗುಳ್ಳೆ ಏಳದಂತೆ. ಲೆಕ್ಕಕ್ಕೆ 8 ಬಾವಿ, ಕೈಗೆ ಸಿಗುವುದು 7. 37 ಡಿಗ್ರಿಯಲ್ಲಿ 45 ನಿಮಿಷದಲ್ಲಿ ಹಾಲುಬಣ್ಣಕ್ಕೆ ತಿರುಗಿ ಗಟ್ಟಿಯಾಗುತ್ತದೆ. ಮೇಲೆ ಮೀಡಿಯಾ ಹಾಕಿ, ಸಣ್ಣ ಪಿಪೆಟ್ ತುದಿಯನ್ನು ಅಂಚಿನ ಸುತ್ತ ಒಂದು ಸುತ್ತು ತಂದರೆ ಜೆಲ್ ಬಿಡಿಸಿಕೊಂಡು ತೇಲುತ್ತದೆ. 0, 24, 48 ಗಂಟೆಗೆ ಅದೇ ಎತ್ತರದಿಂದ, ಅಳತೆ ಪಟ್ಟಿ ಪಕ್ಕದಲ್ಲಿಟ್ಟು ಫೋಟೋ ತೆಗೆದು ಚಿತ್ರ ಅಳೆಯುವ ತಂತ್ರಾಂಶವಾದ ಇಮೇಜ್‌ಜೆಯಲ್ಲಿ ವಿಸ್ತೀರ್ಣ ಅಳೆಯುತ್ತೇವೆ. ಕೋಶವಿಲ್ಲದ ಒಂದು ಜೆಲ್ ಪ್ರತಿ ತಟ್ಟೆಯಲ್ಲೂ ಇರಬೇಕು. ಒಂದು ಬದಿ ಅಂಟಿಕೊಂಡು ಅರ್ಧಚಂದ್ರವಾದ ಜೆಲ್ ಅನ್ನು ಲೆಕ್ಕದಿಂದ ತೆಗೆಯುತ್ತೇವೆ, ಆದರೆ ತೆಗೆದದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತೇವೆ.

ಸ್ಟ್ರೋಮಾ ಕೋಶದ ಇನ್ನೊಂದು ಗುಣ ಡೆಸಿಡುವಲೈಸೇಶನ್. ಗರ್ಭ ನಿಲ್ಲಲು ಅನುಕೂಲವಾಗುವಂತೆ ಪ್ರೊಜೆಸ್ಟರಾನಿಗೆ ಓಗೊಟ್ಟು ಕದಿರಿನಾಕಾರದ ಕೋಶ ದುಂಡಗಾಗುತ್ತದೆ, ಪ್ರೊಲ್ಯಾಕ್ಟಿನ್ ಸ್ರವಿಸುತ್ತದೆ. ಶೇ 2 ಸೀರಮ್‌ನಲ್ಲಿ 8-ಬ್ರೋಮೋ ಸೈಕ್ಲಿಕ್ ಎಎಂಪಿ 0.5 ಮಿಲಿಮೋಲಾರ್ ಮತ್ತು ಮೆಡ್ರಾಕ್ಸಿಪ್ರೊಜೆಸ್ಟರಾನ್ ಅಸಿಟೇಟ್ 1 ಮೈಕ್ರೋಮೋಲಾರ್ ಕೊಟ್ಟು, 48 ಗಂಟೆಗೊಮ್ಮೆ ಬದಲಿಸುತ್ತ ಎಂಟು ದಿನದವರೆಗೆ ನೋಡುತ್ತೇವೆ. ಗಂಟಿನ ಕೋಶ ಸಾಮಾನ್ಯವಾಗಿ ಅರೆಮನಸ್ಸಿನಿಂದ ಓಗೊಡುತ್ತದೆ, ಪ್ರೊಲ್ಯಾಕ್ಟಿನ್ ಮತ್ತು ಈ ಬದಲಾವಣೆಯ ಇನ್ನೊಂದು ಗುರುತಾದ ಐಜಿಎಫ್‌ಬಿಪಿ1 ಕಡಿಮೆ. ಪ್ರೊಜೆಸ್ಟಿನ್ ಔಷಧ ಕೆಲವರಿಗೆ ಫಲ ಕೊಡದಿರುವುದಕ್ಕೆ ಇದೊಂದು ಕಾರಣ. ಹಿಂದಿನ ಸೀರಮ್‌ನ ವಿವರ, ಪ್ಯಾಸೇಜ್ ಸಂಖ್ಯೆ ಬರೆದಿಡದೆ ಈ ಪರೀಕ್ಷೆ ಮಾಡಿದರೆ ಏನನ್ನೂ ಹೇಳಲಾಗುವುದಿಲ್ಲ, ಹಳೆಯ ಪ್ಯಾಸೇಜಿನ ಆರೋಗ್ಯವಂತ ಕೋಶವೂ ಹೀಗೇ ಮಂಕಾಗುತ್ತದೆ.

ಲೆಕ್ಕದ ವಿಷಯದಲ್ಲಿ ರಾಜಿ ಬೇಡ. ಒಬ್ಬ ಹೆಂಗಸು ಎಂದರೆ ಒಂದು ಮಾದರಿ. ಮೂವರ ಕೋಶವನ್ನು ತಲಾ ಎಂಟು ಬಾವಿಗೆ ಹಾಕಿ 24 ಎಂದು ಬರೆಯುವುದು ತಪ್ಪು, ಅದು ಮೂರೇ. ಗಂಟು ಮತ್ತು ಒಳಪದರ ಒಬ್ಬರದೇ ಆಗಿದ್ದರೆ ಜೋಡಿ ಹೋಲಿಕೆ ಮಾಡಬೇಕು.

ಇಷ್ಟೆಲ್ಲ ಕಷ್ಟ ಯಾಕೆಂದರೆ, ಈಗಿನ ಔಷಧಗಳು ಮುಖ್ಯವಾಗಿ ಹಾರ್ಮೋನನ್ನು ತಗ್ಗಿಸುತ್ತವೆ. ಒಸರುವುದು ನಿಲ್ಲುತ್ತದೆ, ಬಹಳ ಮಂದಿಗೆ ನೋವು ಇಳಿಯುತ್ತದೆ. ಆದರೆ ಅಡ್ಡಕೊಂಡಿ ಬಿದ್ದು ಗಟ್ಟಿಯಾದ ಕೊಲಾಜೆನ್ ಮಾತ್ರೆಯಿಂದ ಕರಗುವುದಿಲ್ಲ. ಮಯೋಫೈಬ್ರೋಬ್ಲಾಸ್ಟ್ ಜಗ್ಗುವ ಜಾಗದಲ್ಲೇ ನೋವಿನ ನರಗಳೂ ಹಾದುಹೋಗುತ್ತವೆ, ಗಂಟಿನ ಕೋಶಗಳು ನರ ಬೆಳೆಸುವ ಎನ್‌ಜಿಎಫ್ ಅನ್ನೂ ಸ್ರವಿಸುತ್ತವೆ. ಶ್ವಾಸಕೋಶ ನಾರುಗಟ್ಟುವ ಕಾಯಿಲೆಗೆ ಪಿರ್ಫೆನಿಡೋನ್ ಮತ್ತು ನಿಂಟೆಡನಿಬ್‌ಗೆ ಅಮೆರಿಕದಲ್ಲಿ 2014ರಲ್ಲಿ ಅನುಮತಿ ಸಿಕ್ಕಿತು. ಎಂಡೋಮೆಟ್ರಿಯೋಸಿಸ್‌ಗೆ ಅಂಥ ಅನುಮತಿ ಪಡೆದ ನಾರುತಡೆ ಔಷಧ ಇಲ್ಲ. ಲ್ಯಾಬಿನ ತಟ್ಟೆಯಲ್ಲಿ ಆಕ್ಟಿನ್ ಇಳಿಸಿದ ರಾಸಾಯನಿಕವನ್ನೆಲ್ಲ ಔಷಧವೆಂದು ಸಾರುವ ಮುನ್ನ ನೆನಪಿಡಬೇಕಾದದ್ದು ಒಂದಿದೆ: ಶಸ್ತ್ರಚಿಕಿತ್ಸೆಯ ಗಾಯ ಮಾಯುವುದಕ್ಕೂ ಇದೇ ಮಯೋಫೈಬ್ರೋಬ್ಲಾಸ್ಟ್ ಬೇಕು, ಮತ್ತು ಈ ಔಷಧ ತೆಗೆದುಕೊಳ್ಳಬೇಕಾದವರಲ್ಲಿ ಎಷ್ಟೋ ಮಂದಿ ಬಸಿರಾಗಲು ಕಾದಿರುವವರು.

ಅದಕ್ಕೇ ಯಾವುದೇ ನಾರುತಡೆಯನ್ನು ಗಂಟಿನ ಕೋಶಕ್ಕೆ ಕೊಡುವಾಗ, ಅದೇ ತಟ್ಟೆಯಲ್ಲಿ ಗಂಟಿಲ್ಲದ ಪೆರಿಟೋನಿಯಂನ ಕೋಶಕ್ಕೂ, ಗರ್ಭಕೋಶದ ಒಳಪದರದ ಕೋಶಕ್ಕೂ ಕೊಟ್ಟು ನೋಡುತ್ತೇವೆ. 200 ಮೈಕ್ರೋಲೀಟರಿನ ತುದಿಯಿಂದ ಕೋಶಗಳ ಹಾಸಿನ ಮೇಲೆ ಗಾಯದಂತೆ ಒಂದು ಗೆರೆ ಎಳೆದು, ಕೋಶ ವಿಭಜನೆ ತಡೆಯಲು ಪ್ರತಿ ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಮೈಟೋಮೈಸಿನ್ ಸಿ ಮೊದಲೇ ಎರಡು ಗಂಟೆ ಕೊಟ್ಟಿದ್ದು, 12 ಮತ್ತು 24 ಗಂಟೆಗೆ ಗೆರೆ ಎಷ್ಟು ಮುಚ್ಚಿತೆಂದು ಅಳೆಯುತ್ತೇವೆ. ಒಳಪದರದ ಕೋಶ ಡೆಸಿಡುವಲೈಸೇಶನ್‌ಗೆ ಎಂದಿನಂತೆ ಓಗೊಡುತ್ತದೆಯೇ ಎಂದೂ ನೋಡುತ್ತೇವೆ. ಗಂಟಿನ ಕೋಶದ ಜೆಲ್ ಕುಗ್ಗುವುದು ನಿಂತು, ಉಳಿದೆರಡು ಕಡೆ ಗೆರೆ ಮುಚ್ಚಿ, ಪ್ರೊಲ್ಯಾಕ್ಟಿನ್ ಇಳಿಯದೆ ಇದ್ದರೆ ಮಾತ್ರ ಆ ರಾಸಾಯನಿಕ ಮುಂದಿನ ಹಂತಕ್ಕೆ ಹೋಗುತ್ತದೆ.